ಎಷ್ಟನೇತ್ತಾ ಅದಾಳ್ರಿ?

ಹೋದ ವರ್ಷ ಜೂನ್ ತಿಂಗಳಲ್ಲಿ ಧಾರವಾಡದ ಒಂದು ಪುಸ್ತಕದಂಗಡಿಯಲ್ಲಿ ಮಗಳಿಗೆಂದು ಕಪಾಟು ತಡಕಾಡುತ್ತ ನಿಂತಿದ್ದೆ. ಅಂಗಡಿಯವರು ಕನ್ನಡಕ ಮೇಲೇರಿಸಿ, "ಎಷ್ಟನೇತ್ತಾ ಅದಾಳ್ರಿ?" ಅಂದರು, ಎಷ್ಟನೇ ತರಗತಿ ಅಂತ. "ಒಂದನೇತ್ತಾ ರೀ" ಅಂದೆ. ಅಷ್ಟರೊಳಗೆ ಕೆಳಗಿನ ಸಾಲಿನಿಂದ ನಾಲ್ಕು ಪುಸ್ತಕ ಎದ್ದುಬಂದು ಟೇಬಲ್ ಮೇಲೆ ಕೂತವು. ಹೊಳಪಿನ ಕಾಗದ, ಪುಟದ ತುಂಬ ಒಂದು ಆನೆ, ಆನೆಯ ಕಾಲಬುಡದಲ್ಲಿ ಒಂದೇ ಸಾಲು. ನನ್ನ ಕೈಯಲ್ಲಿದ್ದದ್ದು ಬೇರೆ. ನೂರೈವತ್ತು ಚಿಲ್ಲರೆ ಪುಟ, ಅಲ್ಲೊಂದು ಇಲ್ಲೊಂದು ಕಪ್ಪು ಬಿಳುಪು ಚಿತ್ರ, ಅಧ್ಯಾಯ ಅಧ್ಯಾಯವಾಗಿ ನಡೆಯುವ ಕಥೆ. ಅದನ್ನು ನೋಡಿ ಅವರು, "ಅದು ಆಕಿಗೆ ಆಗೂದಿಲ್ಲ ತಗೀರಿ. ಇನ್ನೂ ಮೂರ್ನಾಕ್ ವರ್ಷ ಹೋಗಲಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಗಳು ಆಗಿನ್ನೂ ಕಾಗುಣಿತದ ನಡುವೆ ಸಿಕ್ಕಿಕೊಂಡಿದ್ದಳು. 'ಕೌ' ಕಂಡರೆ 'ಕ' ಅಂದು ಸುಮ್ಮನಾಗಿಬಿಡುತ್ತಿದ್ದಳು. ಸಂಕೋಚಕ್ಕೆ ಆನೆಯ ಪುಸ್ತಕವನ್ನೂ, ಹಟಕ್ಕೆ ನನ್ನದನ್ನೂ ತಗೊಂಡೆ. ಆನೆ ಜುಬಿಲಿ ಸರ್ಕಲ್ ದಾಟುವುದರೊಳಗೆ ಆಟೋದಲ್ಲೇ ಮುಗಿದುಹೋಯಿತು. "ಮುಗೀತಾ? ಇಷ್ಟ?" ಅಂತ ಮಗಳು ಪುಸ್ತಕ ತಿರುಗಿಸಿ ಹಿಂದೆ ನೋಡಿದಳು, ಅಲ್ಲೇನಾದರೂ ಉಳಿದಿರಬಹುದು ಎಂಬಂತೆ.

ಅವತ್ತಿನಿಂದ ಆ ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಎಷ್ಟನೇತ್ತಾ ಎಂದು ಕೇಳಿ ಪುಸ್ತಕ ಕೊಡುವುದು ಯಾವ ಲೆಕ್ಕ? ಪುಸ್ತಕದ ಬೆನ್ನಿಗೆ 8-10 ಎಂದೋ 9ರ ಮೇಲೆ ಎಂದೋ ಬರೆದಿರುತ್ತಾರಲ್ಲ, ಆ ಅಂಕಿ ಯಾರದು? ನಮ್ಮ ಮನೆಯಲ್ಲಂತೂ ಪುಸ್ತಕ ಓದುವವಳು ನಾನು. ಅವಳು ಹಾಸಿಗೆಯಲ್ಲಿ ಕಾಲು ಗೋಡೆಗೆ ಹಚ್ಚಿ ಬಿದ್ದುಕೊಂಡು ಕೇಳುವವಳು.

'ಇಲ್ಲ' ಕೂಡ ಇಲ್ಲ

ಒಂದನೇತ್ತಾದ ಕೂಸು ಮೊದಲು ಓದಲು ಕಲಿಯುವುದು ಒತ್ತಕ್ಷರ ಇಲ್ಲದ ಪದಗಳನ್ನು. ಮರ, ಸರ, ಬಸವ, ಕಮಲ. ಒಂದು ದಿನ ನಾನೇ ಅವಳಿಗೆ ಓದಲು ಬರುವಂಥ ಒಂದು ಕಥೆ ಬರೆಯೋಣ ಅಂತ ಕೂತೆ. ಕೂತಮೇಲೆ ಗೊತ್ತಾಯಿತು. ಒತ್ತಕ್ಷರ ಬಿಟ್ಟ ಕನ್ನಡದಲ್ಲಿ ಅಮ್ಮ ಇಲ್ಲ, ಅವ್ವ ಇಲ್ಲ, ಅಪ್ಪ, ಅಜ್ಜ, ಅಕ್ಕ, ತಮ್ಮ ಯಾರೂ ಇಲ್ಲ. ರೊಟ್ಟಿ ಇಲ್ಲ, ಬೆಲ್ಲ ಇಲ್ಲ, ಬೆಕ್ಕು ಇಲ್ಲ, ಹಕ್ಕಿ ಇಲ್ಲ. ಕಡೆಗೆ 'ಇಲ್ಲ' ಕೂಡ ಇಲ್ಲ. ಇಡೀ ಮನೆಯಲ್ಲಿ ಉಳಿದವರು ಆಯಿ, ಅಂದರೆ ಅಜ್ಜಿ, ಒಬ್ಬರೇ. ಆಯಿ, ಒಂದು ಮರ, ಒಬ್ಬ ಬಸವ. ಇವರನ್ನಿಟ್ಟುಕೊಂಡು ಎಂಥ ಕಥೆ ಕಟ್ಟುತ್ತೀರಿ?

49 ಅಕ್ಷರ, ಅವುಗಳ ಕಾಗುಣಿತ, ಅದರ ಮೇಲೆ ಒತ್ತು, ಒತ್ತಿನ ಮೇಲೆ ಮತ್ತೆ ಕಾಗುಣಿತ. ಇಷ್ಟೂ ಕಣ್ಣಿಗೆ ಪಳಗಿ ಓದು ಸರಾಗವಾಗುವಷ್ಟರಲ್ಲಿ ಬಹಳಷ್ಟು ಮಕ್ಕಳು ಮೂರನೇತ್ತಾ ನಾಲ್ಕನೇತ್ತಾಕ್ಕೆ ಬಂದಿರುತ್ತಾರೆ. ಅಲ್ಲಿಯತನಕ ಕಣ್ಣಿಗೆ ತಕ್ಕ ಪುಸ್ತಕವೆಂದರೆ ಆನೆಯ ಪುಸ್ತಕವೇ. ಪ್ರಥಮ್ ಬುಕ್ಸ್‌ನವರು ತಮ್ಮ ಕಥೆಗಳಿಗೆ ನಾಲ್ಕು ಹಂತ ಮಾಡಿದ್ದಾರೆ. ಮೊದಲ ಹಂತದ ಕಥೆಯಲ್ಲಿ 250 ಪದಕ್ಕಿಂತ ಕಡಿಮೆ, ನಾಲ್ಕನೆಯದರಲ್ಲಿ 1500ಕ್ಕಿಂತ ಹೆಚ್ಚು. ಕೂಸು ತಾನೇ ಓದಬೇಕೆಂದರೆ ಅದು ಸರಿಯಾದ ಲೆಕ್ಕ, ನನಗೇನೂ ತಕರಾರಿಲ್ಲ. ಆದರೆ ಅದೇ ಕೂಸಿನ ಕಿವಿ ಎಲ್ಲಿದೆ ನೋಡಿ. ನಮ್ಮ ಹಿತ್ತಲಿನ ಆಚೆ ಮನೆಯ ಅಣ್ಣತಮ್ಮಂದಿರ ಆಸ್ತಿಯ ಪಾಲಿನ ಜಗಳವನ್ನು ನಮ್ಮ ಅತ್ತೆ, ಅಂದರೆ ಮಕ್ಕಳ ಆಯಿ, ಫೋನಿನಲ್ಲಿ ತಮ್ಮ ತಂಗಿಗೆ ಒಂದು ತಾಸು ಹೇಳುತ್ತಿದ್ದರು. ನಾಲ್ಕು ಮಂದಿ ಪಾತ್ರಧಾರಿಗಳು, ಹಿಂದಿನ ತಲೆಮಾರಿನ ಒಂದು ಬಾಕಿ, ನಡುವೆ ಒಂದು ಸುಳ್ಳು ಸಹಿ. ಮೂಲೆಯಲ್ಲಿ ಬೊಂಬೆಗೆ ಸೀರೆ ಉಡಿಸುತ್ತ ಕೂತಿದ್ದ ಮಗಳು ಸಂಜೆ ನನಗೆ ಅದನ್ನು ಒಂದೆಳೆ ತಪ್ಪದೆ ಒಪ್ಪಿಸಿದಳು. "ಆದ್ರ ಮಮ್ಮಿ, ಸಹಿ ಮಾಡಿದ್ದು ಸಣ್ಣ ಕಾಕಾ ಅಂತ ಆಯಿಗೆ ಹೆಂಗ ಗೊತ್ತಾತು?" ಅಂತ ಕೇಳಿದಳು. ನನಗೆ ಆ ಸಂಶಯ ಹೊಳೆದೇ ಇರಲಿಲ್ಲ. ಇಂಥ ಕಿವಿಗೆ ಪುಟಕ್ಕೊಂದು ಸಾಲಿನ ಆನೆ ಕೊಟ್ಟರೆ ಸಾಲುವುದುಂಟೇ?

ಇದರಿಂದಾಗಿ ನಮ್ಮ ಮನೆಯಲ್ಲಿ ಎರಡು ಕಪಾಟು ಆದವು. ಅವಳು ಓದುವ ಪುಸ್ತಕ ಕೆಳಗೆ, ನಾನು ಓದಿ ಹೇಳುವ ಪುಸ್ತಕ ಮೇಲೆ. ಸಣ್ಣವನಿಗೆ ನಾಲ್ಕು ವರ್ಷ, ಅವನ ಲೆಕ್ಕ ಯಾವ ಕಪಾಟಿಗೂ ಹತ್ತುವುದಿಲ್ಲ. ಎರಡನೆಯ ಪುಟಕ್ಕೆ ನಿದ್ದೆ ಹೋಗುತ್ತಾನೆ. ಮರುದಿನ ಮಧ್ಯಾಹ್ನ ಅನ್ನದ ತಾಟಿನ ಮುಂದೆ ಕೂತು, ನಿನ್ನೆ ಕಥೆಯಲ್ಲಿದ್ದ ನಾಯಿ ಊಟ ಮಾಡಿತೋ ಇಲ್ಲವೋ ಅಂತ ಕೇಳುತ್ತಾನೆ.

ಎರಡು ಹಾಳಿ

ಹಟಕ್ಕೆ ತಂದ ಆ ಪುಸ್ತಕ ತೊತ್ತೋಚಾನ್. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, ಜಪಾನಿನಲ್ಲಿ 1981ರಲ್ಲಿ ಬಂದು ಆಮೇಲೆ ಕನ್ನಡಕ್ಕೂ ಬಂದದ್ದು. ಬಹಳ ಮಂದಿ ಓದಿರುತ್ತೀರಿ, ಕಥೆ ಹೇಳುತ್ತ ಕೂರುವುದಿಲ್ಲ. ಗಟ್ಟಿಯಾಗಿ ಓದಲು ಅದು ಹೇಳಿ ಮಾಡಿಸಿದ ಪುಸ್ತಕ: ಅಧ್ಯಾಯಗಳು ಗಿಡ್ಡ, ಒಂದು ರಾತ್ರಿಗೆ ಎರಡು ಆರಾಮಾಗಿ ಆಗುತ್ತವೆ, ನಡುನಡುವೆ ಮಾತುಕತೆ ಇದೆ. ಹಳೆಯ ರೈಲು ಡಬ್ಬಿಗಳೇ ತರಗತಿಯಾದ ಶಾಲೆ ಎಂದಾಗ ಮಗಳು ಎದ್ದು ಕೂತಳು. ಮುಖ್ಯ ಗುರುಗಳು ಮೊದಲ ದಿನ ತೊತ್ತೋ ಎಂಬ ಆ ಹುಡುಗಿಯ ಮಾತನ್ನು ನಾಲ್ಕು ತಾಸು ಕೇಳಿದರು ಎಂದಾಗ, "ನಾಕ್ ತಾಸಾ? ನಡುವ ಸುಮ್ನಿರು ಅನ್ನಲಿಲ್ಲಾ?" ಅಂತ ನನ್ನ ಮುಖ ನೋಡಿದಳು. ನಾನು ಪುಟ ನೋಡಿದೆ.

ಅದರಲ್ಲಿ ತೊತ್ತೋ ಜಾತ್ರೆಯಲ್ಲಿ ಕೋಳಿಮರಿ ಬೇಕೆಂದು ಅತ್ತು ಕರೆದು ತಂದುಕೊಳ್ಳುವ ಒಂದು ಅಧ್ಯಾಯವಿದೆ. ಮರಿಗಳು ಕೆಲವೇ ದಿನಗಳಲ್ಲಿ ಒಂದರ ಹಿಂದೊಂದು ಸಾಯುತ್ತವೆ. ಅದನ್ನು ನಾನು ಅಳುಕದೆ ಓದಿದೆ, ಯಾಕೆಂದರೆ ನಮ್ಮ ಮನೆಯಲ್ಲೂ ಒಂದು ಗುಲಾಬಿ ಬಣ್ಣ ಹಚ್ಚಿದ ಜಾತ್ರೆಯ ಮರಿ ರಟ್ಟಿನ ಡಬ್ಬಿಯಲ್ಲಿ ಮೂರು ದಿನ ಇದ್ದು ಹೋಗಿತ್ತು. "ನಮ್ದೂ ಹಂಗ ಆಗಿತ್ತಲ್ಲ" ಅಂದಳು ಮಗಳು, ಅಷ್ಟೇ.

ಕಡೆಕಡೆಗೆ ಯಾಸುವಾಕಿಯ ಅಧ್ಯಾಯ ಬಂತು. ಪೋಲಿಯೊ ಆದ ಹುಡುಗ. ತೊತ್ತೋ ಅವನನ್ನು ಬೆವರು ಸುರಿಸಿ ತನ್ನ ಮರಕ್ಕೆ ಹತ್ತಿಸಿದ ದಿನ ಮಗಳು ಹಾಸಿಗೆ ಮೇಲೆ ತಾನೂ ಒಬ್ಬರನ್ನು ಎಳೆಯುವವಳಂತೆ ಕೈ ಮುಷ್ಟಿ ಮಾಡಿಕೊಂಡಿದ್ದಳು. ಆ ಹುಡುಗ ಸಾಯುತ್ತಾನೆ. ಹೊರಗೆ ನಮ್ಮೂರಿನ ಜಿಟಿಜಿಟಿ ಮಳೆ, ಗಂಟೆ ಹತ್ತಾಗಿತ್ತು. ಮರುದಿನ ನಳದ ನೀರು ಬರುವ ದಿನ, ನಸುಕಿನಲ್ಲಿ ಎದ್ದು ಟಾಕಿ ತುಂಬಬೇಕು. ಈಗ ಸಾವು ಓದಿದರೆ ಪ್ರಶ್ನೆಗಳು ಹನ್ನೊಂದಕ್ಕೂ ಮುಗಿಯುವುದಿಲ್ಲ. ಮಗುವಿನ ಮನಸ್ಸು ಎಳೆಯದು ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ; ನಿಜ ಹೇಳಬೇಕೆಂದರೆ ಕಣ್ಣಮುಂದೆ ಇದ್ದದ್ದು ಟಾಕಿ. ಎರಡು ಹಾಳಿ ಒಟ್ಟಿಗೆ ಹಿಡಿದು ತಿರುವಿಬಿಟ್ಟೆ.

"ಮಮ್ಮಿ, ಎರಡ ಹಾಳಿ ಕೂಡೇ ತಿರುವಿದಿ."

"ಅಂಟ್ಕೊಂಡಿದ್ವು ಬಂಗಾರಿ" ಅಂದು ಮುಂದಿನದು ಓದಿದೆ.

ನಾಲ್ಕೈದು ರಾತ್ರಿ ಕಳೆಯಿತು. ಒಂದು ದಿನ ಓದುತ್ತಿರುವಾಗ ನಡುವೆ ತಡೆದು ಕೇಳಿದಳು, "ಯಾಸುವಾಕಿ ಯಾಕ ಬರವಲ್ಲ?" ನಾನು ತಡವರಿಸಿ, "ಊರಿಗೆ ಹೋಗಿರಬೇಕು" ಅಂದೆ. "ಹೇಳಲಾರದನ ಹೋದ್ನಾ? ತೊತ್ತೋಗೂ ಹೇಳಲಾರದ?" ಅಂದಳು. ಅವಳ ದನಿಯಲ್ಲಿ ಸಿಟ್ಟಿತ್ತು. ಮರಕ್ಕೆ ಹತ್ತಿಸಿದವಳಿಗೆ ಒಂದು ಮಾತು ಹೇಳದೆ ಹೋದವನ ಮೇಲಿನ ಸಿಟ್ಟು. ನಾನು ಒಂದು ಸಾವನ್ನು ಮುಚ್ಚಿಟ್ಟು ಒಳ್ಳೆಯ ಹುಡುಗನೊಬ್ಬನನ್ನು ಕೃತಘ್ನನನ್ನಾಗಿ ಮಾಡಿದ್ದೆ. ಉತ್ತರ ಹುಡುಕುತ್ತಿರುವಾಗ ಕಿಟಕಿ ಪಕ್ಕದ ಕಾಟಿನಿಂದ ಆಯಿಯ ಮಾತು ಬಂತು. "ಸತ್ತಿರಬೇಕು ತಗೋ ಯವ್ವಾ. ಕಾಲಿಲ್ಲದ ಕೂಸು, ಆಗಿನ ಕಾಲ."

ಮಗಳು ನನ್ನ ಕಡೆ ತಿರುಗಿ, "ಹೌದಾ?" ಅಂದಳು. ಹೌದು ಅಂದೆ. "ಹಂಗಾದ್ರ ಅದನ್ನ ಓದು."

ಅಂಟಿಕೊಂಡಿರದ ಆ ಎರಡು ಹಾಳಿ ತೆಗೆದು ಓದಿದೆ. ಅವಳು ಅಳಲಿಲ್ಲ. ಯಾಸುವಾಕಿ ಒಂದು ಪುಸ್ತಕವನ್ನು ತೊತ್ತೋಗೆ ಓದಲು ಕೊಟ್ಟಿದ್ದ. ಅದು ಅವಳ ತಲೆಯಲ್ಲಿ ಕೂತಿತು. "ಈಗ ಆ ಪುಸ್ತಕ ಯಾರಿಗೆ ತಿರುಗಿ ಕೊಡೂದು?" ಅಂತ ಕೇಳಿದಳು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ, ಆಯಿಯ ಹತ್ತಿರವೂ ಇರಲಿಲ್ಲ. ಒಟ್ಟು ಹತ್ತು ನಿಮಿಷದಲ್ಲಿ ಎಲ್ಲ ಮುಗಿದು ಅವಳು ನಿದ್ದೆ ಹೋದಳು. ನನಗೆ ಹನ್ನೆರಡಾಯಿತು.

ಇಷ್ಟಕ್ಕೂ ನಾವೇನು ಸಾವಿಲ್ಲದ ಕಥೆ ಕೇಳಿ ಬೆಳೆದವರೇ? ಗೋವಿನ ಹಾಡನ್ನು ಶಾಲೆಯಲ್ಲಿ ಸಾಲಾಗಿ ನಿಂತು ಹಾಡಿದ್ದೇವೆ. ತಬ್ಬಲಿಯಾಗಲಿರುವ ಕರು, ಕೊನೆಗೆ ತಾನೇ ಪ್ರಾಣ ಬಿಡುವ ಹುಲಿ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದ ಹುಡುಗಿ ಪ್ರತಿಸಲ ಹುಲಿಗಾಗಿ ಅಳುತ್ತಿದ್ದಳು, ಹಸುವಿಗಾಗಿ ಅಲ್ಲ. ಆ ಹಾಡಿನ ಬೆನ್ನಿಗೆ ಯಾರೂ 9ರ ಮೇಲೆ ಅಂತ ಬರೆದಿರಲಿಲ್ಲ.

ಪುರಾಣ ಹಚ್ಚಿದಂಗ

ಅತ್ತೆಯವರ ತವರು ರೋಣದ ಕಡೆಯ ಹಳ್ಳಿ. ಅವರು ಸಣ್ಣವರಿದ್ದಾಗ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರಂತೆ. ತಿಂಗಳ ತನಕ, ರಾತ್ರಿ ಊಟ ಮುಗಿಸಿ ಎಲ್ಲ ಹೋಗಿ ಕೂಡುವುದು. ಒಬ್ಬರು ಪದ್ಯ ಓದುವವರು, ಇನ್ನೊಬ್ಬರು ಅರ್ಥ ಹೇಳುವವರು. ಓದಿದ್ದು ಹಳೆಯ ಕನ್ನಡ, ಮುಂದೆ ಕೂತ ಗೌಡರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಅರ್ಥ ಹೇಳುವವರು ಬಾಯಿ ತೆರೆದರೆಂದರೆ ಅದೇ ಪದ್ಯ ಊರ ಮಾತಿಗೆ ಇಳಿಯುತ್ತಿತ್ತು. ಅದರಲ್ಲಿ ಆ ವರ್ಷದ ಮಳೆಯೂ ಬರುತ್ತಿತ್ತು, ಯಾರದೋ ಮನೆಯ ಎತ್ತೂ ಬರುತ್ತಿತ್ತು. ಮಕ್ಕಳು ತೊಡೆಯ ಮೇಲೆ ಕೇಳುತ್ತ ಕೇಳುತ್ತ ಮಲಗುತ್ತಿದ್ದವು. ಕಡೆಯ ದಿನ ಪುರಾಣ ಮಂಗಲ, ಗೋಧಿ ಹುಗ್ಗಿ. "ಹುಗ್ಗಿ ಸಲುವಾಗಿ ಹೋಗ್ತಿದ್ವಿ, ಕಥಿ ಹಂಗ ಕಿವಿಯಾಗ ಬೀಳ್ತಿತ್ತು" ಅನ್ನುತ್ತಾರೆ.

ಇದನ್ನು ಕೇಳಿದಾಗ ನನಗೆ ಹೊಳೆದದ್ದು, ಅಧ್ಯಾಯ ಪುಸ್ತಕ ಅಂತ ನಾವು ಈಗ ಇಂಗ್ಲಿಷಿನಿಂದ ಹೆಸರು ತಂದು ಕರೆಯುತ್ತಿರುವುದು ಈ ಸೀಮೆಗೆ ಹೊಸದೇನಲ್ಲ ಅಂತ. ನಮ್ಮ ಹುಬ್ಬಳ್ಳಿ ಪಕ್ಕದ ಕೋಳಿವಾಡದವನೆನ್ನುವ, ಗದುಗಿನ ವೀರನಾರಾಯಣನ ಮುಂದೆ ಕೂತು ಬರೆದನೆನ್ನುವ ಕುಮಾರವ್ಯಾಸನ ಭಾರತದಲ್ಲಿ 10 ಪರ್ವ, 152 ಸಂಧಿ. ರಾತ್ರಿಗೊಂದು ಸಂಧಿ ಹಿಡಿದರೆ ಐದು ತಿಂಗಳು. ತುಂಬಿದ ಸಭೆಗೆ ಹೆಣ್ಣುಮಗಳೊಬ್ಬಳನ್ನು ಎಳೆತರುವುದೂ ಅದರಲ್ಲಿದೆ, ರಕ್ತವೂ ಇದೆ, ಅದನ್ನು ಕೇಳುವವರಲ್ಲಿ ಹಾಲುಹಲ್ಲಿನವರೂ ಇದ್ದರು. ಅವರಿಗೆ ಎಷ್ಟು ಇಳಿಯಬೇಕೋ ಅಷ್ಟನ್ನು ಇಳಿಸುತ್ತಿದ್ದವರು ಅರ್ಥ ಹೇಳುವವರು. ಪುಸ್ತಕಕ್ಕೆ ವಯಸ್ಸು ಕಟ್ಟುತ್ತಿದ್ದದ್ದು ಬರೆದವನಲ್ಲ, ಆ ರಾತ್ರಿ ಆ ಮಂದಿಯ ಮುಖ ನೋಡುತ್ತ ಕೂತ ಆ ಒಬ್ಬ ಮನುಷ್ಯ.

ನಮ್ಮ ಮನೆಯಲ್ಲಿ ಎರಡೂ ಕೆಲಸ ನನ್ನವೇ. ಧಾರವಾಡದ ಮಕ್ಕಳಿಗೆ ಇದೊಂದು ಜಾಸ್ತಿ ತೊಡಕು, ಪುಸ್ತಕದ ಕನ್ನಡಕ್ಕೂ ಮನೆಯ ಕನ್ನಡಕ್ಕೂ ನಡುವೆ ಒಂದು ಹಳ್ಳ ಇದೆ. "ಆದಾಗ್ಯೂ ಅವಳು ಧೃತಿಗೆಡದೆ ಮುನ್ನಡೆದಳು" ಎಂಬಂಥ ಒಂದು ವಾಕ್ಯ ಬಂತೆನ್ನಿ. ಮೊದಮೊದಲು ನಾನು ಅದನ್ನು ಕಣ್ಣಲ್ಲೇ ನುಂಗಿ, "ಆದರೂ ಅಂಜಲಿಲ್ಲ ನೋಡು ಆಕಿ, ಹಂಗ ಮುಂದ ಹೋದ್ಲು" ಅಂತ ಹೇಳಿಬಿಡುತ್ತಿದ್ದೆ. ಮಗಳು ಸಲೀಸಾಗಿ ಕೇಳುತ್ತಿದ್ದಳು. ಆದರೆ ಒಂದು ತಿಂಗಳ ಮೇಲೆ ಅನ್ನಿಸಿತು, ಹಿಂಗಾದರೆ ನಾನು ಪುಸ್ತಕ ಓದುತ್ತಿಲ್ಲ, ಪುಸ್ತಕ ಕೈಯಲ್ಲಿ ಹಿಡಿದು ಹರಟೆ ಹೊಡೆಯುತ್ತಿದ್ದೇನೆ. ಪುರಾಣದವರು ಅರ್ಥ ಹೇಳುವ ಮುಂಚೆ ಪದ್ಯ ಓದುತ್ತಿದ್ದರು, ಪೂರ್ತಿ, ರಾಗವಾಗಿ. ಹಾಗಾಗಿ ಈಗ ಮೊದಲು ಪುಸ್ತಕದ ವಾಕ್ಯ, ಆಮೇಲೆ ಬೇಕಾದರೆ ನಮ್ಮದು. ಬೇಕೋ ಬೇಡವೋ ಅವಳ ಮುಖ ಹೇಳುತ್ತದೆ. ಎಷ್ಟೋ ಸಲ ಬೇಡವಾಗಿರುತ್ತದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಹಾಕಲು ಹೋದೆ. ತಾಟಿಗೆ ಕೈ ಅಡ್ಡ ಹಿಡಿದು ಗಂಭೀರವಾಗಿ, "ಬದನಿಕಾಯಿ ಪಲ್ಯ ಚೊಲೋ ಆಗೇತಿ. ಆದಾಗ್ಯೂ ನನಗ ಇನ್ನೊಂದು ರೊಟ್ಟಿ ಬ್ಯಾಡ" ಅಂದಳು. ಆಯಿಗೆ ನಗು ತಡೆಯಲಾಗದೆ ಠಸಕಿ ಹತ್ತಿ ನೀರು ಕುಡಿಸಬೇಕಾಯಿತು. ಈಗ ಆ ಪದ ಸಣ್ಣವನಿಗೂ ಹತ್ತಿದೆ. ಅವನಿಗೆ ಅದರ ಅರ್ಥ 'ಬ್ಯಾಡ'.

ತುಟಿ ಅಲುಗಿಸಿ ನೋಡುವುದು

ಈಗ ಅಂಗಡಿಯಲ್ಲಿ ನಾನು ಮಾಡುವುದು ಇಷ್ಟೇ. ನಡುವಿನ ಒಂದು ಪುಟ ತೆಗೆದು ತುಟಿ ಅಲುಗಿಸಿ ಓದುತ್ತೇನೆ. ಪಕ್ಕದಲ್ಲಿದ್ದವರು ಒಂದು ನಮೂನೆ ನೋಡುತ್ತಾರೆ, ನೋಡಲಿ. ಉಸಿರು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದ ವಾಕ್ಯಗಳಿದ್ದರೆ ಆ ಪುಸ್ತಕ ವಾಪಸು ಕಪಾಟಿಗೆ. ಒಮ್ಮೆ ಹೆಸರುವಾಸಿ ವಿದೇಶಿ ಸಾಹಸ ಕಥೆಯೊಂದರ ಸಂಕ್ಷಿಪ್ತ ಅನುವಾದ ತಂದಿದ್ದೆ. ಬೆನ್ನ ಮೇಲೆ ಅವಳ ವಯಸ್ಸೇ ಇತ್ತು. ಸಂಕ್ಷೇಪ ಮಾಡಿದವರು ಮಾತುಗಳನ್ನೆಲ್ಲ ತೆಗೆದು ಘಟನೆ ಮಾತ್ರ ಉಳಿಸಿದ್ದರು. ಹಡಗು ಒಡೆಯಿತು, ಈಜಿದನು, ದ್ವೀಪ ಸಿಕ್ಕಿತು, ಎಲ್ಲ ಅರ್ಧ ಪುಟದಲ್ಲಿ. ಮೂರನೇ ರಾತ್ರಿ ಮಗಳು, "ಇದು ಕಥಿ ಅಲ್ಲ ಮಮ್ಮಿ, ಸುದ್ದಿ" ಅಂದಳು. ಮಕ್ಕಳಿಗೆ ಸುಲಭವಾಗಲಿ ಅಂತ ಮೊಟಕು ಮಾಡಿದ ಪುಸ್ತಕ ಬಹಳ ಸಲ ಹೀಗೇ ಆಗುತ್ತದೆ. ನಿಧಾನ ತೆಗೆದುಬಿಟ್ಟರೆ ಕೂಸು ಯಾರ ಜೊತೆ ನಡೆಯಬೇಕು?

ಅಧ್ಯಾಯದ ಅಳತೆ ಕೂಡ ಮುಖ್ಯ, ಹೊರಗಿನಿಂದ ನೋಡುವವರಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಹುಬ್ಬಳ್ಳಿಯ ಕಚೇರಿ ಬಿಟ್ಟು ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಬಂದು, ಅಡಿಗೆ ಮಾಡಿ, ಪಾತ್ರೆ ತೊಳೆದ ಮೇಲೆ ನನ್ನ ಗಂಟಲಿನಲ್ಲಿ ಉಳಿದಿರುವುದು ಹದಿನೈದು ನಿಮಿಷ. ಇಪ್ಪತ್ತೈದು ನಿಮಿಷದ ಅಧ್ಯಾಯವನ್ನು ನಡುವೆ ಮುರಿದರೆ ಮರುದಿನ ದಾರ ಸಿಗುವುದಿಲ್ಲ. ಬರೆಯುವವರು ಇದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿಕೊಂಡರೆ ನಮ್ಮಂಥವರ ಆಶೀರ್ವಾದ ಹತ್ತುತ್ತದೆ.

ಕನ್ನಡದಲ್ಲಿ ಮಕ್ಕಳ ಪದ್ಯಕ್ಕೆ ಬರವಿಲ್ಲ, ಸಣ್ಣ ಕಥೆಗೂ ಇಲ್ಲ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' 12 ಸಂಪುಟ, ತಿಂಗಳಿಗೊಂದರಂತೆ ಇಡೀ ವರ್ಷಕ್ಕಾಗುತ್ತದೆ. ಅದನ್ನೂ ಓದುತ್ತೇವೆ. ಆದರೆ ಅಲ್ಲಿ ಕಥೆ ಆ ರಾತ್ರಿಗೇ ಮುಗಿದು ಕೂಸು ನಿಶ್ಚಿಂತೆಯಿಂದ ಮಲಗುತ್ತದೆ. ನಾಳೆಗೆ ಏನೂ ಉಳಿಯುವುದಿಲ್ಲ. ಉಳಿಸುವಂಥದ್ದು ಬೇಕೆಂದರೆ ಮಕ್ಕಳ ಕಾದಂಬರಿಗೆ ಹೋಗಬೇಕು. ಅದು ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ನಾ. ಡಿಸೋಜ, ಬಸು ಬೇವಿನಗಿಡದ, ತಮ್ಮಣ್ಣ ಬೀಗಾರ ಅವರ ಕಾದಂಬರಿಗಳಿಗೆ ಬಂದಿದೆ. ನನ್ನ ಗೋಳೇನೆಂದರೆ, ಅಂಗಡಿಯಲ್ಲಿ ಇವು ಆನೆಯ ಸಾಲಿನಲ್ಲೂ ಇರುವುದಿಲ್ಲ, ದೊಡ್ಡವರ ಕಾದಂಬರಿಯ ಸಾಲಿನಲ್ಲೂ ಇರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಹಿಂದೆ ಅಡ್ಡ ಮಲಗಿರುತ್ತವೆ. ಧಾರವಾಡದಲ್ಲಿ ಆ ಗೈಡುಗಳ ಗುಡ್ಡ ದಾಟುವುದು ಕಷ್ಟ.

ಒಂದು ಒಪ್ಪಿಕೊಳ್ಳಬೇಕು. ಹಾಳಿ ಹಾರಿಸುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ಹಳೆಯ ಕಥೆಗಳಲ್ಲಿ ಕೆಟ್ಟವರೆಲ್ಲ ಕರ್ರಗಿರುತ್ತಾರೆ, ರಾಜಕುಮಾರಿ ಮಾತ್ರ ಹಾಲಿನಂತೆ ಬೆಳ್ಳಗೆ. ನನ್ನ ಮಗಳು ನನ್ನ ಬಣ್ಣ. ಅಂಥ ಸಾಲು ಬಂದಾಗ 'ಕರ್ರಗಿನ ರಾಕ್ಷಸಿ' ಬರೀ ರಾಕ್ಷಸಿಯಾಗುತ್ತಾಳೆ, ರಾಜಕುಮಾರಿಯ ಬಣ್ಣ ಗಾಳಿಗೆ ಹೋಗುತ್ತದೆ. ಸಾವಿಗೆ ಅಂಜಿ ತಿರುವಿದ್ದಕ್ಕೆ ನಾಚಿಕೆ ಇದೆ, ಇದಕ್ಕಿಲ್ಲ. ಆದರೆ ಈಗ ಅವಳು ಎರಡನೇತ್ತಾ. ಒತ್ತಕ್ಷರ ನಿಧಾನವಾಗಿ ಬಾಯಿಗೆ ಬರುತ್ತಿವೆ, ಓದುವಾಗ ಭುಜಕ್ಕೆ ಗದ್ದ ಊರಿ ಪುಟವನ್ನೇ ನೋಡುತ್ತಾಳೆ. ಮೊನ್ನೆ ಬೆರಳಿಟ್ಟು, "ಇಲ್ಲೆ 'ಕ' ಐತಲ್ಲ, ಅದನ್ನ ನೀ ಅನ್ನಲಿಲ್ಲ" ಅಂದಳು. ಇನ್ನು ಬಹಳ ದಿನ ನಡೆಯುವುದಿಲ್ಲ.

ಸದ್ಯ ಒಂದು ಮಕ್ಕಳ ಕಾದಂಬರಿಯ ಅರ್ಧಕ್ಕೆ ಬಂದಿದ್ದೇವೆ. ನಿನ್ನೆ ರಾತ್ರಿ ಹುಡುಗನೊಬ್ಬ ಕತ್ತಲಲ್ಲಿ ದಾರಿ ತಪ್ಪಿದಲ್ಲಿಗೆ ಅಧ್ಯಾಯ ಮುಗಿಯಿತು. ನೋಡಿದರೆ ಸಣ್ಣವ ಎಂದೋ ಮಲಗಿದ್ದ, ಮಗಳೂ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬಸ್ಸಿನ ಚೀಟಿ ಗುರುತಿಗಿಟ್ಟು ಪುಸ್ತಕ ಮುಚ್ಚಿ ದೀಪ ಆರಿಸಲು ಎದ್ದೆ. ಕಾಟಿನ ಕಡೆಯಿಂದ, "ಆಮ್ಯಾಲೆ ಏನಾತು?" ಅಂತ ಕೇಳಿತು.

"ಹುಡುಗ್ರು ಮಲಗ್ಯಾರ್ರಿ ಅತ್ತಿ. ನಾಳೆ ಓದ್ತೀನಿ."

"ಅವಕ್ಕ ನಾಳಿ ಮತ್ತೊಮ್ಮಿ ಓದಿದ್ರಾತು. ಆ ಹುಡುಗನ್ನ ಹಂಗ ಅಡವ್ಯಾಗ ಬಿಟ್ಟು ನನಗ ನಿದ್ದಿ ಹತ್ತೂದಿಲ್ಲ, ಓದು."

ಕನ್ನಡಕ ಮತ್ತೆ ಏರಿಸಿ, ಕಾಟಿನ ಅಂಚಿಗೆ ಕೂತು, ದನಿ ತಗ್ಗಿಸಿ ಮುಂದಿನದು ಶುರು ಮಾಡಿದೆ.